ರಂಜಾನ್ ಉಪವಾಸದಲ್ಲಿ ವ್ಯಾಯಾಮ: ಹಸಿವಿಗಿಂತ ನೀರಿನ ಲೆಕ್ಕ ಮುಖ್ಯ

ರಂಜಾನ್ ಹತ್ತಿರ ಬಂತೆಂದರೆ ಮಡಿಕೇರಿ, ವಿರಾಜಪೇಟೆ, ಕುಶಾಲನಗರದ ಜಿಮ್‌ಗಳಲ್ಲಿ ಒಂದು ಮಾತು ಶುರುವಾಗುತ್ತದೆ. ಈ ತಿಂಗಳ ಫೀಸು ಕಟ್ಟಬೇಕೋ, ಬೇಡವೋ? ಕೆಲವರು ಒಂದು ತಿಂಗಳು ಪೂರ್ತಿ ಬಿಟ್ಟುಬಿಡುತ್ತಾರೆ. ಇನ್ನು ಕೆಲವರು ಏನೂ ಬದಲಾಗಿಲ್ಲ ಎನ್ನುವ ಹಾಗೆ ಎಂದಿನ ಹೊತ್ತಿಗೇ ಬಂದು, ಎಂದಿನಷ್ಟೇ ಭಾರ ಎತ್ತುತ್ತಾರೆ. ಮೂರನೇ ದಿನ ತಲೆ ಸುತ್ತಿ ಬೆಂಚಿನ ಮೇಲೆ ಕೂರುತ್ತಾರೆ. ಮೈದಾನದಲ್ಲಿ ಹಾಕಿ, ಫುಟ್‌ಬಾಲ್ ಆಡುವ ಹುಡುಗರದ್ದೂ ಇದೇ ಗೊಂದಲ. ಇನ್ನು ಕಾಫಿ ತೋಟದಲ್ಲಿ ದುಡಿಯುವವರಿಗೆ ಆಯ್ಕೆಯೇ ಇಲ್ಲ. ಅವರ ಇಡೀ ದಿನವೇ ವ್ಯಾಯಾಮ.

ಉಪವಾಸ ಇದ್ದು ಮೈ ದಂಡಿಸುವುದು ತಪ್ಪಲ್ಲ, ಆರೋಗ್ಯ ಚೆನ್ನಾಗಿದ್ದವರಿಗೆ ಅಪಾಯವೂ ಅಲ್ಲ. ಆದರೆ ಯಾವ ಹೊತ್ತಿಗೆ, ಎಷ್ಟು ಎನ್ನುವುದು ಬದಲಾಗಬೇಕು. ಯಾಕೆ ಬದಲಾಗಬೇಕು ಎಂದು ತಿಳಿಯಲು ಆ ಹೊತ್ತಿನಲ್ಲಿ ಮೈಯೊಳಗೆ ಏನು ನಡೆಯುತ್ತದೆ ಎಂದು ಸ್ವಲ್ಪ ನೋಡೋಣ.

ಮೊದಲು ಕೆಲವು ಪದಗಳು

ರಂಜಾನ್ ಇಸ್ಲಾಮಿ ಪಂಚಾಂಗದ ಒಂಬತ್ತನೇ ತಿಂಗಳು. ಈ ತಿಂಗಳಿಡೀ ಮುಂಜಾನೆ ಬೆಳಕು ಮೂಡುವ ಮುಂಚಿನಿಂದ ಸೂರ್ಯ ಮುಳುಗುವವರೆಗೆ ಊಟವೂ ಇಲ್ಲ, ನೀರೂ ಇಲ್ಲ. ಕೊಡಗಿನಲ್ಲಿ ಮಲಯಾಳಂ ಮಾತಾಡುವ ಮನೆಗಳಲ್ಲಿ ಇದಕ್ಕೆ ನೋಂಬು ಎನ್ನುತ್ತಾರೆ. ಉರ್ದು ಮನೆಗಳಲ್ಲಿ ರೋಜಾ. ಉಪವಾಸ ಶುರುವಾಗುವ ಮೊದಲು, ಇನ್ನೂ ಕತ್ತಲಿರುವಾಗಲೇ ಉಣ್ಣುವ ಊಟ ಸಹರಿ. ನೋಂಬು ಎನ್ನುವ ಮನೆಗಳಲ್ಲಿ ಅದು ಅತ್ತಾಳ. ಸಂಜೆ ಮಗ್ರಿಬ್ ಬಾಂಗಿನ, ಅಂದರೆ ಸೂರ್ಯ ಮುಳುಗಿದಾಗ ಮಸೀದಿಯಿಂದ ಕೇಳುವ ನಮಾಜಿನ ಕರೆಯ ಹೊತ್ತಿಗೆ ಉಪವಾಸ ಬಿಡುವುದು ಇಫ್ತಾರ್. ರಾತ್ರಿ ಇಶಾ ನಮಾಜಿನ ನಂತರ ಮಾಡುವ ರಂಜಾನಿನ ವಿಶೇಷ ನಮಾಜು ತರಾವೀಹ್.

ಏಕಾದಶಿಗೋ ಶಿವರಾತ್ರಿಗೋ ಉಪವಾಸ ಮಾಡುವವರಲ್ಲಿ ಹೆಚ್ಚಿನವರು ನೀರು, ಹಾಲು, ಹಣ್ಣು ತಗೊಳ್ಳುತ್ತಾರೆ. ಇಲ್ಲಿ ಒಂದು ಗುಟುಕು ನೀರೂ ಇಲ್ಲ. ವ್ಯಾಯಾಮದ ಲೆಕ್ಕವೆಲ್ಲ ತಿರುಗುವುದು ಈ ಒಂದು ವ್ಯತ್ಯಾಸದ ಸುತ್ತ.

ನಮ್ಮೂರಲ್ಲಿ ಎಷ್ಟು ಗಂಟೆ?

ಚಂದ್ರನ ಲೆಕ್ಕದ ವರ್ಷದಲ್ಲಿ ಸುಮಾರು 354 ದಿನ. ಅದಕ್ಕೇ ರಂಜಾನ್ ಪ್ರತಿವರ್ಷ ಹತ್ತು ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತದೆ. 2014ರಿಂದ 2016ರವರೆಗೆ ಅದು ಜೂನ್, ಜುಲೈ ಮಳೆಯಲ್ಲಿ ಬಂದಿತ್ತು. 2024ರಲ್ಲಿ ಮಾರ್ಚ್ ಎರಡನೇ ವಾರ, 2025ರಲ್ಲಿ ಮಾರ್ಚ್ ಮೊದಲ ವಾರ, 2026ರಲ್ಲಿ ಫೆಬ್ರವರಿ ಮೂರನೇ ವಾರ ಶುರುವಾಯಿತು. ಹೀಗೇ ಸರಿದು ಸರಿದು 2030ರಲ್ಲಿ ಒಂದೇ ವರ್ಷ ಎರಡು ಸಲ ಬರಲಿದೆ, ಜನವರಿಯಲ್ಲೊಮ್ಮೆ, ಡಿಸೆಂಬರ್ ಕೊನೆಯಲ್ಲೊಮ್ಮೆ. ಅಂದರೆ ಮುಂದಿನ ಕೆಲವು ವರ್ಷ ಕೊಡಗಿನಲ್ಲಿ ಉಪವಾಸದ ತಿಂಗಳೂ ಕಾಫಿ ಕೊಯ್ಲಿನ ತಿಂಗಳುಗಳೂ ಒಟ್ಟಿಗೇ ಬರುತ್ತವೆ.

ಕೊಡಗು ಸಮಭಾಜಕ ವೃತ್ತಕ್ಕೆ ಹತ್ತಿರ, ಸುಮಾರು 12 ಡಿಗ್ರಿ ಉತ್ತರದಲ್ಲಿದೆ. ಹಾಗಾಗಿ ನಮ್ಮಲ್ಲಿ ಬೇಸಿಗೆಯ ಹಗಲಿಗೂ ಚಳಿಗಾಲದ ಹಗಲಿಗೂ ಅಂಥ ದೊಡ್ಡ ವ್ಯತ್ಯಾಸವಿಲ್ಲ. ಫೆಬ್ರವರಿ, ಮಾರ್ಚ್‌ನಲ್ಲಿ ಬೆಳಗಿನ ಐದೂವರೆಯ ಆಸುಪಾಸಿನಿಂದ ಸಂಜೆ ಆರೂವರೆವರೆಗೆ, ಹೆಚ್ಚು ಕಡಿಮೆ 13 ಗಂಟೆ ಉಪವಾಸ. ಯುರೋಪಿನ ಉತ್ತರ ಭಾಗದಲ್ಲಿ ಜೂನ್ ತಿಂಗಳಲ್ಲಿ ಇದೇ ಉಪವಾಸ 18 ಗಂಟೆ ದಾಟುತ್ತದೆ. ಮೊಬೈಲಿನಲ್ಲಿ ಸಿಗುವ ಎಷ್ಟೋ ಸಲಹೆಗಳು ಅಂಥ ಊರಿನವರಿಗಾಗಿ ಬರೆದವು. ಅವನ್ನು ಹಾಗೇ ಇಲ್ಲಿಗೆ ತಂದರೆ ಹೊಂದುವುದಿಲ್ಲ. ನಮಗೆ ಸಿಗುವ ರಾತ್ರಿ ಉದ್ದ. ಸುಮಾರು 11 ಗಂಟೆ ತಿನ್ನಲು, ಕುಡಿಯಲು, ಮಲಗಲು ಇದೆ. ಇದು ನಮಗಿರುವ ದೊಡ್ಡ ಅನುಕೂಲ.

ಹೊಟ್ಟೆ ಖಾಲಿ ಇದ್ದಾಗ ಮೈ ಹೇಗೆ ಓಡುತ್ತದೆ?

ಅನ್ನ, ಪತ್ತಿರಿ, ಚಪಾತಿ, ಹಣ್ಣು ಯಾವುದನ್ನೇ ತಿಂದರೂ ಅದರ ಪಿಷ್ಟ ಕೊನೆಗೆ ಗ್ಲೂಕೋಸ್ ಎಂಬ ಸಕ್ಕರೆಯಾಗಿ ರಕ್ತ ಸೇರುತ್ತದೆ. ಆಗ ಬೇಕಾದಷ್ಟನ್ನು ಬಳಸಿಕೊಂಡು ಉಳಿದದ್ದನ್ನು ಮೈ ಗ್ಲೈಕೋಜನ್ ಎಂಬ ರೂಪದಲ್ಲಿ ಕೂಡಿಡುತ್ತದೆ. ಕೂಡಿಡುವ ಜಾಗ ಎರಡು. ಪಿತ್ತಕೋಶದ ಪಕ್ಕದ ದೊಡ್ಡ ಅಂಗವಾದ ಲಿವರ್‌ನಲ್ಲಿ ಸುಮಾರು 100 ಗ್ರಾಂ, ಮೈಯ ಸ್ನಾಯುಗಳಲ್ಲೆಲ್ಲ ಸೇರಿ ಸುಮಾರು 400 ಗ್ರಾಂ.

ಇವೆರಡರ ಕೆಲಸ ಬೇರೆ ಬೇರೆ. ಲಿವರ್ ಊರಿನ ಓವರ್‌ಹೆಡ್ ಟ್ಯಾಂಕ್ ಇದ್ದ ಹಾಗೆ. ಅಲ್ಲಿಂದ ಎಲ್ಲ ಮನೆಗೂ ನೀರು ಹೋಗುತ್ತದೆ. ಮಿದುಳಿನ ಪಾಲೂ ಅಲ್ಲಿಂದಲೇ, ಅದಕ್ಕೆ ದಿನಕ್ಕೆ ಸುಮಾರು 120 ಗ್ರಾಂ ಗ್ಲೂಕೋಸ್ ಬೇಕು. ಸ್ನಾಯು ಎಂದರೆ ಮನೆಯ ಡ್ರಮ್ಮು. ಡ್ರಮ್ಮಿಗೆ ತುಂಬಿದ ನೀರನ್ನು ವಾಪಸ್ ಟ್ಯಾಂಕಿಗೆ ಕಳಿಸಲು ಆಗುವುದಿಲ್ಲ, ಆ ಮನೆಯವರೇ ಬಳಸಬೇಕು. ಕಾಲಿನ ಸ್ನಾಯುವಿನ ಗ್ಲೈಕೋಜನ್ ಕಾಲಿಗೇ ಸಲ್ಲುತ್ತದೆ, ಮಿದುಳಿಗೆ ಹೋಗುವುದಿಲ್ಲ.

ಸಹರಿ ಆದ ಐದಾರು ಗಂಟೆಯ ಮೇಲೆ ಟ್ಯಾಂಕಿನ ಮಟ್ಟ ಇಳಿಯುತ್ತಾ ಬರುತ್ತದೆ. ಮಧ್ಯಾಹ್ನ ಕಳೆದ ಮೇಲೆ ಮೈ ಕೊಬ್ಬಿನ ಕಡೆಗೆ ಹೆಚ್ಚು ಹೆಚ್ಚು ವಾಲುತ್ತದೆ. ತೆಳ್ಳಗಿರುವವರ ಮೈಯಲ್ಲೂ ಕೊಬ್ಬಿನ ದಾಸ್ತಾನು ವಾರಗಟ್ಟಲೆ ಆಗುವಷ್ಟಿದೆ. ಹಾಗಾಗಿ 13 ಗಂಟೆಯ ಉಪವಾಸದಲ್ಲಿ ಇಂಧನ ಮುಗಿದೇ ಹೋಯಿತು ಎನ್ನುವ ಪ್ರಶ್ನೆಯಿಲ್ಲ. ಆದರೆ ಕೊಬ್ಬು ದಪ್ಪ ಕೊರಡಿನ ಹಾಗೆ. ನಿಧಾನವಾಗಿ, ತುಂಬಾ ಹೊತ್ತು ಉರಿಯುತ್ತದೆ. ಗ್ಲೈಕೋಜನ್ ಒಣಪುಳ್ಳೆಯ ಹಾಗೆ, ಊದಿದರೆ ಭಗ್ಗೆಂದು ಹತ್ತಿಕೊಳ್ಳುತ್ತದೆ. ನಡಿಗೆಗೆ ಕೊರಡಿನ ಉರಿ ಸಾಕು. ಗುಡ್ಡ ಓಡಿ ಹತ್ತಲು, ಬಾಲಿನ ಹಿಂದೆ ನುಗ್ಗಲು, ಭಾರದ ಸೆಟ್ ಮೇಲೆ ಸೆಟ್ ಎತ್ತಲು ಪುಳ್ಳೆಯೇ ಬೇಕು. ಸಂಜೆ ಐದಕ್ಕೆ ನಡೆಯಲು ಹೋದವರಿಗೆ ಏನೂ ಅನಿಸದೆ, ಓಡಲು ಹೋದವರಿಗೆ ಕಾಲು ಸೀಸದ ಹಾಗೆ ಭಾರವಾಗುವುದು ಇದಕ್ಕೇ.

ಹೊಟ್ಟೆ ಖಾಲಿ ಇದ್ದಾಗ ವ್ಯಾಯಾಮ ಮಾಡಿದರೆ ಕೊಬ್ಬು ಬೇಗ ಕರಗುತ್ತದೆ ಎನ್ನುವ ಮಾತು ಜಿಮ್‌ಗಳಲ್ಲಿ ಜಾಸ್ತಿ ಓಡಾಡುತ್ತದೆ. ಆ ಒಂದು ಗಂಟೆಯ ಮಟ್ಟಿಗೆ ಮೈ ಹೆಚ್ಚು ಕೊಬ್ಬನ್ನು ಉರಿಸುವುದು ನಿಜ. ಆದರೆ ತೂಕ ಇಳಿಯುವುದು ಇಡೀ ದಿನ ತಿಂದದ್ದೆಷ್ಟು, ಖರ್ಚಾದದ್ದೆಷ್ಟು ಎನ್ನುವುದರ ಮೇಲೆ. ಇಫ್ತಾರ್‌ನಲ್ಲಿ ನಾಲ್ಕು ಸಮೋಸ ಹೆಚ್ಚು ತಿಂದರೆ ಲೆಕ್ಕ ಮೊದಲಿನ ಜಾಗಕ್ಕೇ ಬಂತು. ಮೊದಲ ವಾರ ಇಳಿಯುವ ಒಂದೆರಡು ಕೆಜಿಯೂ ಬಹುಪಾಲು ನೀರೇ. ಒಂದು ಗ್ರಾಂ ಗ್ಲೈಕೋಜನ್ ಜೊತೆ ಸುಮಾರು ಮೂರು ಗ್ರಾಂ ನೀರು ಇರುತ್ತದೆ. ಗ್ಲೈಕೋಜನ್ ಕಡಿಮೆಯಾದರೆ ಆ ನೀರೂ ಹೋಗುತ್ತದೆ, ತಿರುಗಿ ತುಂಬಿದರೆ ಅದೂ ವಾಪಸ್ ಬರುತ್ತದೆ.

ಅಸಲಿ ಕೊರತೆ ನೀರಿನದು

ಹಸಿವು ಗಲಾಟೆ ಮಾಡುತ್ತದೆ, ಹಾಗಾಗಿ ನಮ್ಮ ಗಮನವೆಲ್ಲ ಅದರ ಮೇಲೆ. ನೀರಿನ ಕೊರತೆ ಸದ್ದಿಲ್ಲದೆ ಬರುತ್ತದೆ. ಅಪಾಯ ಇರುವುದು ಅಲ್ಲಿ.

ಸುಮ್ನೆ ಕೂತಿದ್ದರೂ ಉಸಿರಿನಿಂದ, ಚರ್ಮದಿಂದ ದಿನಕ್ಕೆ ಸುಮಾರು ಮುಕ್ಕಾಲು ಲೀಟರ್ ನೀರು ಹೋಗುತ್ತದೆ. ಮೂತ್ರದ್ದು ಬೇರೆ. ಇದರ ಮೇಲೆ ಜೋರಾಗಿ ಮೈ ದಂಡಿಸಿದರೆ ಗಂಟೆಗೆ ಅರ್ಧ ಲೀಟರಿನಿಂದ ಒಂದು ಲೀಟರ್ ಬೆವರು ಸಾಮಾನ್ಯ. ಬಿಸಿಲಲ್ಲಿ ಆಡಿದರೆ ಇನ್ನೂ ಹೆಚ್ಚು. ಮೈತೂಕದ ನೂರಕ್ಕೆ ಎರಡು ಪಾಲಿನಷ್ಟು ನೀರು ಕಡಿಮೆಯಾದರೆ ಓಟ, ಆಟದ ಕಸುವು ಕುಗ್ಗುವುದು ಎದ್ದು ಕಾಣುತ್ತದೆ. 60 ಕೆಜಿ ಇರುವವರಿಗೆ ಅದು 1.2 ಲೀಟರ್. ಉಪವಾಸ ಇಲ್ಲದ ದಿನ ಮಧ್ಯೆ ಎರಡು ಲೋಟ ನೀರು ಕುಡಿದು ಸರಿ ಮಾಡಿಕೊಳ್ಳಬಹುದು. ಉಪವಾಸದ ದಿನ ಆ ದಾರಿಯಿಲ್ಲ.

ನೀರು ಕಡಿಮೆಯಾದರೆ ಹೃದಯಕ್ಕೇನು ಕಷ್ಟ? ಫೆಬ್ರವರಿ ಕೊನೆಯಲ್ಲಿ ತೋಟಕ್ಕೆ ಸ್ಪ್ರಿಂಕ್ಲರ್ ಹಾಕಿದವರಿಗೆ ಇದು ಚೆನ್ನಾಗಿ ಗೊತ್ತು. ಕೆರೆ ತುಂಬಿದ್ದಾಗ ಪಂಪು ಸಲೀಸಾಗಿ ನೀರು ಎಳೆಯುತ್ತದೆ. ಕೆರೆ ತಳ ಕಂಡಾಗ ಅದೇ ಪಂಪು ಒದ್ದಾಡುತ್ತದೆ. ಬೆವರು ಹೋದಷ್ಟೂ ರಕ್ತದ ನೀರಿನ ಭಾಗ ಇಳಿಯುತ್ತದೆ. ಒಂದೊಂದು ಬಡಿತಕ್ಕೂ ಹೊರಬೀಳುವ ರಕ್ತ ಕಡಿಮೆಯಾಗುತ್ತದೆ. ಅದನ್ನು ಸರಿದೂಗಿಸಲು ಹೃದಯ ಹೆಚ್ಚು ಸಲ ಬಡಿಯುತ್ತದೆ. ಚರ್ಮಕ್ಕೆ ಹೋಗುವ ರಕ್ತವೂ ಕಡಿಮೆಯಾಗಿ ಮೈಯ ಬಿಸಿ ಹೊರಗೆ ಹೋಗುವುದು ನಿಧಾನವಾಗುತ್ತದೆ. ಬಗ್ಗಿದ್ದವರು ತಟ್ಟನೆ ಎದ್ದಾಗ ಕಣ್ಣು ಕತ್ತಲೆ ಬರುವುದು, ಆ ಕ್ಷಣಕ್ಕೆ ಮಿದುಳಿಗೆ ಸಾಕಷ್ಟು ರಕ್ತ ಏರದೆ ಇರುವುದರಿಂದ.

ಕೊಡಗಿನಲ್ಲಿ ಇದಕ್ಕೆ ಇನ್ನೊಂದು ಮೋಸ ಸೇರಿಕೊಳ್ಳುತ್ತದೆ. ಮಂಗಳೂರಿನಲ್ಲಿ ಹತ್ತು ಹೆಜ್ಜೆ ನಡೆದರೆ ಅಂಗಿ ಒದ್ದೆ, ಬೆವರಿದ್ದು ಗೊತ್ತಾಗುತ್ತದೆ. ಇಲ್ಲಿ ಫೆಬ್ರವರಿಯ ಒಣ ಗಾಳಿಗೆ ಬೆವರು ಬಂದ ಹಾಗೇ ಆರಿಹೋಗುತ್ತದೆ. ಬೆಳಿಗ್ಗೆ ಸ್ವೆಟರ್ ಬೇಕೆನಿಸುವಷ್ಟು ಚಳಿ ಇರುವುದರಿಂದ ಬಾಯಾರಿಕೆಯೂ ಕಡಿಮೆ. ಮಡಿಕೇರಿಯ ಏರು ರಸ್ತೆಯಲ್ಲಿ ಅರ್ಧ ಗಂಟೆ ಹತ್ತಿ ಇಳಿದು, ಮೈ ಒದ್ದೆಯಾಗಿಲ್ಲ ಎಂದರೆ ನೀರು ಹೋಗಿಲ್ಲ ಎಂದಲ್ಲ. ಅನುಮಾನ ಇದ್ದರೆ ಮನೆಯಲ್ಲೇ ಒಂದು ಪರೀಕ್ಷೆ ಮಾಡಬಹುದು. ವ್ಯಾಯಾಮದ ಮೊದಲು ಒಮ್ಮೆ, ಬೆವರು ಒರೆಸಿಕೊಂಡು ನಂತರ ಒಮ್ಮೆ ತೂಕ ನೋಡಿ. ಅರ್ಧ ಕೆಜಿ ಇಳಿದಿದ್ದರೆ ಅರ್ಧ ಲೀಟರ್ ನೀರು ಹೋಗಿದೆ ಎಂದು ಲೆಕ್ಕ.

ಹಾಗಾದರೆ ಯಾವ ಹೊತ್ತು?

ಇಷ್ಟು ತಿಳಿದ ಮೇಲೆ ಹೊತ್ತಿನ ಉತ್ತರ ತಾನಾಗಿಯೇ ಸಿಗುತ್ತದೆ. ಕಳೆದುಕೊಂಡ ನೀರನ್ನು ಬೇಗ ತುಂಬಿಕೊಳ್ಳುವ ಹಾಗಿರಬೇಕು, ಅಷ್ಟೇ.

ಬೆಳಿಗ್ಗೆ ಏಳಕ್ಕೆ ಓಡಿ ಒಂದು ಲೀಟರ್ ಬೆವರು ಸುರಿಸಿದವರು ಆ ಕೊರತೆಯನ್ನು ಹೊತ್ತುಕೊಂಡು ಹನ್ನೊಂದು ಗಂಟೆಗೂ ಹೆಚ್ಚು ಹೊತ್ತು ಇರಬೇಕು. ಅದೇ ಓಟವನ್ನು ಸಂಜೆ ಐದೂವರೆಗೆ ಶುರು ಮಾಡಿದವರಿಗೆ ಮುಗಿಸುವ ಹೊತ್ತಿಗೆ ಬಾಂಗ್ ಹತ್ತಿರ ಬಂದಿರುತ್ತದೆ. ಸಹರಿ ತಿಂದು ಮೈಯಲ್ಲಿ ಕಸುವು ಇರುವಾಗಲೇ ಮಾಡಿಬಿಡೋಣ ಎಂದು ಬೆಳಿಗ್ಗೆ ಓಡುವವರು ಸಾಕಷ್ಟು ಜನ ಇದ್ದಾರೆ. ಆ ಹೊತ್ತಿಗೆ ಹಾಯೆನಿಸುತ್ತದೆ, ನಿಜ. ಮಧ್ಯಾಹ್ನ ಮೂರಕ್ಕೆ ಅದರ ಬೆಲೆ ಗೊತ್ತಾಗುತ್ತದೆ. ಬೆಳಿಗ್ಗೆ ಬೇಕೇ ಬೇಕೆಂದರೆ ರಾಜಾಸೀಟ್ ಸುತ್ತ ಒಂದು ನಿಧಾನದ ನಡಿಗೆ, ಮೈ ಸಡಿಲಿಸುವ ವ್ಯಾಯಾಮ, ಅಷ್ಟಕ್ಕೆ ನಿಲ್ಲಿಸಿ.

ಇಫ್ತಾರ್‌ಗೆ ಮುಂಚಿನ ಅರ್ಧ, ಮುಕ್ಕಾಲು ಗಂಟೆ ಹಗುರದಿಂದ ಮಧ್ಯಮ ವ್ಯಾಯಾಮಕ್ಕೆ ಚೆನ್ನಾಗಿದೆ. ಬಿರುಸಿನ ನಡಿಗೆ, ನಿಧಾನದ ಜಾಗಿಂಗ್, ಸೈಕಲ್, ಕಡಿಮೆ ಭಾರ. ಉಸಿರಿನ ಅಳತೆ ಇಟ್ಟುಕೊಳ್ಳಿ. ಪಕ್ಕದವರ ಜೊತೆ ಪೂರ್ತಿ ವಾಕ್ಯದಲ್ಲಿ ಮಾತಾಡಲು ಆಗಬೇಕು. ಎರಡು ಪದಕ್ಕೆ ಒಮ್ಮೆ ಉಸಿರು ಎಳೆಯಬೇಕಾಗಿ ಬಂದರೆ ವೇಗ ಜಾಸ್ತಿಯಾಯಿತು ಎಂದರ್ಥ.

ಭಾರ ಎತ್ತುವುದು, ಜೋರಿನ ಓಟ, ಪಂದ್ಯ ಇವುಗಳಿಗೆ ಇಫ್ತಾರ್ ಆದ ಮೇಲಿನ ಹೊತ್ತೇ ಸರಿ. ಖರ್ಜೂರ, ನೀರು, ಸ್ವಲ್ಪ ಗಂಜಿ ತಗೊಂಡು, ಒಂದೂವರೆ ಎರಡು ಗಂಟೆ ಬಿಟ್ಟು ಹೋಗಿ. ಕೈಯಲ್ಲಿ ನೀರಿನ ಬಾಟಲಿ ಇಟ್ಟುಕೊಂಡು ಎಂದಿನಂತೆ ಮಾಡಬಹುದು. ಹೊಟ್ಟೆ ಬಿರಿಯ ಉಂಡವರಿಗೆ ಮಾತ್ರ ಮೂರು ಗಂಟೆ ಬೇಕು. ಜೀರ್ಣಕ್ಕೆ ಹೊಟ್ಟೆಯ ಕಡೆಗೆ ರಕ್ತ ಹರಿಯುತ್ತಿರುವಾಗ ಕಾಲಿಗೂ ಅಷ್ಟೇ ರಕ್ತ ಬೇಕೆಂದರೆ ವಾಕರಿಕೆ, ಹೊಟ್ಟೆ ಹಿಡಿತ ಬರುತ್ತದೆ. ತರಾವೀಹ್ ಕೂಡ ಲೆಕ್ಕಕ್ಕೆ ಬರಲಿ. ಇಪ್ಪತ್ತು ರಕಅತ್, ಅಂದರೆ ನಮಾಜಿನ ಇಪ್ಪತ್ತು ಸುತ್ತು, ನಿಂತು, ಬಗ್ಗಿ, ಕೂತು, ಎದ್ದು ಮಾಡುವುದು ಹಗುರ ವ್ಯಾಯಾಮವೇ. ಹಿರಿಯರಿಗೆ ಆ ದಿನದ ಮಟ್ಟಿಗೆ ಅದೇ ಸಾಕಾದೀತು.

ಇಲ್ಲಿ ಹೆಚ್ಚಿನವರು ಮರೆಯುವ ಒಂದು ಸಂಗತಿ ಇದೆ. ಇಫ್ತಾರ್‌ಗೆ ಮುಂಚಿನ ಒಂದು ಗಂಟೆ ಗಂಡಸರಿಗೆ ಬಿಡುವಿನ ಹೊತ್ತು. ಹೆಂಗಸರಿಗೆ ಅದು ದಿನದಲ್ಲೇ ಹೆಚ್ಚು ಕೆಲಸದ ಹೊತ್ತು. ಒಲೆ ಮುಂದೆ ಕಾವಿನಲ್ಲಿ ನಿಂತು ಪತ್ತಿರಿ ಬೇಯಿಸುವುದು, ಸಮೋಸ ಕರಿಯುವುದು, ಎಲ್ಲವೂ ಖಾಲಿ ಹೊಟ್ಟೆಯಲ್ಲೇ ನಡೆಯುತ್ತದೆ. ಅವರಿಗೆ ಆಗ ವಾಕಿಂಗ್ ಹೋಗಿ ಎಂದರೆ ಏನು ಪ್ರಯೋಜನ? ಅಡುಗೆ ಕೆಲಸ ಮನೆಯವರೆಲ್ಲ ಹಂಚಿಕೊಂಡರೆ ಆ ಒಂದು ಗಂಟೆ ಅವರಿಗೂ ಸಿಗುತ್ತದೆ. ಇಲ್ಲವಾದರೆ ರಾತ್ರಿ ಊಟ, ನಮಾಜು ಮುಗಿದ ಮೇಲಿನ ಇಪ್ಪತ್ತು ನಿಮಿಷದ ನಡಿಗೆ ಅವರಿಗೆ ಹೊಂದುತ್ತದೆ.

ತೋಟದಲ್ಲಿ ದುಡಿಯುವವರಿಗೆ

ಜಿಮ್ಮಿಗೆ ಹೋಗುವವರು ಹೊತ್ತು ಬದಲಾಯಿಸಬಹುದು. ಸಿದ್ದಾಪುರ, ನೆಲ್ಯಹುದಿಕೇರಿ, ಸುಂಟಿಕೊಪ್ಪ, ಪಾಲಿಬೆಟ್ಟದ ಕಡೆ ತೋಟದ ಕೆಲಸಕ್ಕೆ ಹೋಗುವವರಿಗೆ ಅದು ಅವರ ಕೈಯಲ್ಲಿಲ್ಲ. ಫೆಬ್ರವರಿ, ಮಾರ್ಚ್ ಎಂದರೆ ರೊಬಸ್ಟ ಕೊಯ್ಲಿನ ಕೊನೆ, ಜೊತೆಗೆ ಕರಿಮೆಣಸು ಕೊಯ್ಯುವ ಕಾಲ. ಗೋಣಿಚೀಲ ಹೊರುವುದು, ಕಣದಲ್ಲಿ ಕಾಫಿ ಹರಡುವುದು, ಇಳಿಜಾರಿನಲ್ಲಿ ಹತ್ತಿ ಇಳಿಯುವುದು, ಇವೆಲ್ಲ ಜಿಮ್ಮಿಗಿಂತ ಹೆಚ್ಚಿನ ದಂಡನೆ.

ಇವರ ವಿಷಯದಲ್ಲಿ ಬದಲಾಯಿಸಬೇಕಾದದ್ದು ಕೆಲಸದ ಸರದಿ. ಮೈ ಬಗ್ಗಿಸಿ ಮಾಡುವ ಭಾರದ ಕೆಲಸ ಬೆಳಿಗ್ಗೆ ತಂಪಿನಲ್ಲಿ ಆಗಲಿ. ಮಧ್ಯಾಹ್ನದ ಮೇಲೆ ನೆರಳಿನಲ್ಲಿ ಕೂತು ಮಾಡುವ ಕೆಲಸ, ಮೆಣಸು ಬಿಡಿಸುವುದೋ ಹಣ್ಣು ಆರಿಸುವುದೋ ಇರಲಿ. ಎಲ್ಲಕ್ಕಿಂತ ಮುಖ್ಯವಾದದ್ದು ಏಣಿ. ಸಿಲ್ವರ್ ಓಕ್ ಮರಕ್ಕೆ ಏಣಿ ಒರಗಿಸಿ ಎತ್ತರದಲ್ಲಿ ನಿಂತು ಮೆಣಸು ಕೊಯ್ಯುವಾಗ ಒಂದು ಕ್ಷಣ ಕಣ್ಣು ಕತ್ತಲೆ ಬಂದರೂ ಸಾಕು. ನೆಲದ ಮೇಲಿದ್ದವರಿಗೆ ಅದು ಬರೀ ತಲೆಸುತ್ತು, ಏಣಿಯ ಮೇಲಿದ್ದವರಿಗೆ ಜೀವದ ಪ್ರಶ್ನೆ. ನೋಂಬು ಹಿಡಿದವರನ್ನು ಮಧ್ಯಾಹ್ನದ ಮೇಲೆ ಮರ ಹತ್ತಿಸದೆ ಇರುವುದು ತೋಟದ ಮಾಲೀಕರು, ಮೇಸ್ತ್ರಿಗಳು ಸುಲಭವಾಗಿ ಮಾಡಬಹುದಾದ ಕೆಲಸ. ಅದಕ್ಕೆ ದುಡ್ಡೂ ಖರ್ಚಾಗುವುದಿಲ್ಲ.

ಬಿಸಿಲು ಜೋರಿದ್ದಾಗ ತಲೆ, ಮುಖ, ಕತ್ತಿಗೆ ತಣ್ಣೀರು ಹಾಕಿಕೊಳ್ಳಬಹುದು, ಒದ್ದೆ ಬಟ್ಟೆ ಸುತ್ತಿಕೊಳ್ಳಬಹುದು. ನೀರು ಗಂಟಲಿಗೆ ಇಳಿಯದಿದ್ದರೆ ಇದರಿಂದ ಉಪವಾಸ ಮುರಿಯುವುದಿಲ್ಲ ಎನ್ನುವುದು ಧರ್ಮಪಂಡಿತರ ಸಾಮಾನ್ಯ ಅಭಿಪ್ರಾಯ. ಚರ್ಮದ ಮೇಲಿನ ನೀರು ಆರುವಾಗ ಮೈಯ ಬಿಸಿಯನ್ನೂ ಎಳೆದುಕೊಂಡು ಹೋಗುತ್ತದೆ. ಮೈ ತಾನೇ ಬೆವರು ಸುರಿಸಿ ಮಾಡಬೇಕಾದ ಕೆಲಸವನ್ನು ಹೊರಗಿನ ನೀರು ಮಾಡಿಕೊಟ್ಟ ಹಾಗೆ.

ಎಷ್ಟು ಮಾಡಿದರೆ ಸಾಕು?

ಈ ತಿಂಗಳ ಗುರಿ ಇದ್ದದ್ದನ್ನು ಉಳಿಸಿಕೊಳ್ಳುವುದು. ಹೊಸ ದಾಖಲೆಗೆ, ಹೊಸ ಭಾರಕ್ಕೆ ಉಳಿದ ಹನ್ನೊಂದು ತಿಂಗಳು ಇವೆ.

ಉಳಿಸಿಕೊಳ್ಳಲು ಬೇಕಾದ ಕೆಲಸ ನಾವು ಅಂದುಕೊಂಡಷ್ಟು ಇರುವುದಿಲ್ಲ. ಭಾರ ಹಾಗೇ ಇಟ್ಟು ಸೆಟ್‌ಗಳನ್ನು ಮೂರನೇ ಒಂದು ಭಾಗಕ್ಕೆ ಇಳಿಸಿದರೂ ಒಂದು ತಿಂಗಳಲ್ಲಿ ಶಕ್ತಿ ಅಷ್ಟಾಗಿ ಕುಗ್ಗುವುದಿಲ್ಲ. ವಾರಕ್ಕೆ ಐದು ದಿನ ಹೋಗುತ್ತಿದ್ದವರು ಎರಡು ಮೂರು ದಿನ ಹೋದರೆ ಸಾಕು, ಅದೂ ಇಫ್ತಾರ್ ನಂತರ. ಮೊದಲ ನಾಲ್ಕೈದು ದಿನ ಇನ್ನೂ ಹಗುರವಾಗಿರಲಿ. ಮೈ ಹೊಸ ಹೊತ್ತಿಗೆ, ಹೊಸ ನಿದ್ದೆಗೆ ಹೊಂದಿಕೊಳ್ಳುವ ದಿನಗಳು ಅವು.

ಶಾಲೆ, ಕಾಲೇಜಿನ ಹಾಕಿ ತಂಡಗಳಲ್ಲಿ ನೋಂಬು ಹಿಡಿದ ಮಕ್ಕಳಿದ್ದರೆ ಕೋಚ್ ಮಾಡಬಹುದಾದದ್ದು ಬಹಳ ಇದೆ. ಪೆನಾಲ್ಟಿ ಕಾರ್ನರ್ ಅಭ್ಯಾಸ, ಪಾಸಿಂಗ್, ಜಾಗ ಹಿಡಿಯುವ ಪಾಠ ಇವೆಲ್ಲ ಹೆಚ್ಚು ಬೆವರಿಲ್ಲದೆ ಆಗುತ್ತವೆ. ಸುತ್ತು ಓಡಿಸುವುದನ್ನು ಮಾತ್ರ ಬಿಡಬೇಕು. ಸುಸ್ತು ಎಂದು ಹೇಳಲು ಮಕ್ಕಳು ಹಿಂಜರಿಯುತ್ತಾರೆ, ಹಾಗಾಗಿ ಕೋಚ್ ತಾವಾಗಿಯೇ ಕೇಳುವುದು ಒಳ್ಳೆಯದು.

ದೊಡ್ಡ ಆಟಗಾರರ ಉದಾಹರಣೆಯನ್ನು ಹುಡುಗರು ಕೊಡುತ್ತಾರೆ. ಬಾಸ್ಕೆಟ್‌ಬಾಲ್ ಆಟಗಾರ ಹಕೀಮ್ ಒಲಾಜುವಾನ್ 1995ರ ಫೆಬ್ರವರಿಯಲ್ಲಿ ರಂಜಾನ್ ಉಪವಾಸ ಮಾಡುತ್ತಲೇ ಅಮೆರಿಕದ ಎನ್‌ಬಿಎಯಲ್ಲಿ ತಿಂಗಳ ಆಟಗಾರ ಎನಿಸಿಕೊಂಡರು. ಅದು ನಿಜ. 2012ರ ಜುಲೈಯಲ್ಲಿ ಓವಲ್ ಮೈದಾನದಲ್ಲಿ ಔಟಾಗದೆ 311 ರನ್ ಹೊಡೆದ ದಕ್ಷಿಣ ಆಫ್ರಿಕಾದ ಹಾಶಿಮ್ ಆಮ್ಲಾ ಪ್ರವಾಸದಲ್ಲಿದ್ದ ಕಾರಣಕ್ಕೆ ಆಗ ಉಪವಾಸ ಮಾಡಿರಲಿಲ್ಲ. ಇದೂ ನಿಜ. ಪ್ರವಾಸದಲ್ಲಿರುವವರು, ಕಾಯಿಲೆ ಇರುವವರು ಆ ದಿನಗಳನ್ನು ಮುಂದೆ ಪೂರೈಸಬಹುದು ಎಂದು ಕುರಾನಿನ ಎರಡನೇ ಅಧ್ಯಾಯದಲ್ಲೇ ಇದೆ. ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ಫುಟ್‌ಬಾಲಿನಲ್ಲಿ ಈಗ ಸೂರ್ಯ ಮುಳುಗಿದ ಹೊತ್ತಿಗೆ ಆಟವನ್ನು ಸ್ವಲ್ಪ ನಿಲ್ಲಿಸಿ ಆಟಗಾರರಿಗೆ ಉಪವಾಸ ಬಿಡಲು ಅವಕಾಶ ಕೊಡುತ್ತಾರೆ.

ಇಫ್ತಾರ್‌ನಿಂದ ಸಹರಿಯವರೆಗೆ

ಖರ್ಜೂರ ಮತ್ತು ನೀರಿನಿಂದ ಉಪವಾಸ ಬಿಡುವ ಪದ್ಧತಿ ಮೈಯ ಲೆಕ್ಕಕ್ಕೂ ಸರಿ ಹೊಂದುತ್ತದೆ. ಸಾಮಾನ್ಯ ಗಾತ್ರದ ಮೂರು ಖರ್ಜೂರದಲ್ಲಿ ಸುಮಾರು 15 ಗ್ರಾಂ ಸಕ್ಕರೆ. ಇಳಿದಿದ್ದ ಗ್ಲೂಕೋಸ್ ಮಟ್ಟ ಏರಲು ಅಷ್ಟು ಸಾಕು. ಪೊಟ್ಯಾಸಿಯಂ ಕೂಡ ಸಿಗುತ್ತದೆ. ನಮ್ಮ ಕಡೆಯ ಜೀರಿಗೆ ಗಂಜಿಯಂತೂ ಬಹಳ ಒಳ್ಳೆಯದು. ನೀರು, ಉಪ್ಪು, ಪಿಷ್ಟ ಮೂರೂ ಒಂದೇ ಬಟ್ಟಲಿನಲ್ಲಿ ಸಿಗುತ್ತವೆ. ಬೆವರಿನಲ್ಲಿ ನೀರಿನ ಜೊತೆ ಉಪ್ಪೂ ಹೋಗಿರುತ್ತದೆ. ಉಪ್ಪು ಇದ್ದರೆ ಕುಡಿದ ನೀರು ಮೈಯಲ್ಲಿ ನಿಲ್ಲುತ್ತದೆ. ಕರಿದದ್ದು ಬೇಡವೇ ಬೇಡ ಎಂದು ಹೇಳಲಾರೆ. ಹಬ್ಬದ ತಿಂಗಳು, ಒಂದೆರಡು ಸಮೋಸ ಇರಲಿ. ಆದರೆ ಕರಿದದ್ದರಲ್ಲೇ ಹೊಟ್ಟೆ ತುಂಬಿದರೆ ಮೀನು, ಮೊಟ್ಟೆ, ಕೋಳಿ, ಕಡಲೆ, ಬೇಳೆಗೆ ಜಾಗ ಉಳಿಯುವುದಿಲ್ಲ. ಸ್ನಾಯು ಉಳಿಯಬೇಕಾದರೆ ಅವೇ ಬೇಕು. ವ್ಯಾಯಾಮ ಮಾಡುವವರಿಗೆ ಮೈತೂಕದ ಕೆಜಿಗೆ 1.2ರಿಂದ 1.6 ಗ್ರಾಂ ಪ್ರೋಟೀನ್ ದಿನಕ್ಕೆ ಬೇಕಾಗುತ್ತದೆ. ಒಂದು ಮೊಟ್ಟೆಯಲ್ಲಿ ಸಿಗುವುದು ಸುಮಾರು ಆರು ಗ್ರಾಂ.

ನೀರಿನ ವಿಷಯದಲ್ಲಿ ದೊಡ್ಡ ತಪ್ಪು ಒಂದೇ. ರಾತ್ರಿಯಿಡೀ ಮರೆತು, ಬಾಂಗಿಗೆ ಐದು ನಿಮಿಷ ಇರುವಾಗ ಒಂದು ಲೀಟರ್ ಗಟಗಟ ಕುಡಿಯುವುದು. ಒಣಗಿದ ಹೂಕುಂಡಕ್ಕೆ ಒಂದೇ ಸಲ ಬಿಂದಿಗೆ ನೀರು ಸುರಿದರೆ ಏನಾಗುತ್ತದೆ? ತಳದಿಂದ ಹರಿದು ಹೋಗುತ್ತದೆ. ಕಿಡ್ನಿಯೂ ಒಮ್ಮೆಲೇ ಬಂದ ನೀರನ್ನು ಒಂದೆರಡು ಗಂಟೆಯಲ್ಲಿ ಹೊರಗೆ ಹಾಕುತ್ತದೆ. ಇಫ್ತಾರ್‌ಗೆ ಎರಡು ಲೋಟ, ತರಾವೀಹ್‌ಗೆ ಮೊದಲು ಒಂದು, ನಂತರ ಎರಡು, ಮಲಗುವ ಮೊದಲು ಒಂದು, ಎದ್ದ ಕೂಡಲೇ ಒಂದು, ಸಹರಿ ಜೊತೆ ಎರಡು. ಕಾಲು ಲೀಟರಿನ ಲೋಟವಾದರೆ ಎರಡು ಲೀಟರ್ ಮೇಲಾಯಿತು. ವ್ಯಾಯಾಮ ಮಾಡಿದ ದಿನ ಹೋದ ಬೆವರಿನ ಒಂದೂವರೆ ಪಟ್ಟು ಇದಕ್ಕೆ ಸೇರಿಸಿ. ಸಾಕಾಗಿದೆಯೇ ಎಂದು ತಿಳಿಯಲು ಮಲಗುವ ಮುಂಚೆ ಮೂತ್ರದ ಬಣ್ಣ ನೋಡಿದರೆ ಸಾಕು. ತಿಳಿ ಹಳದಿ ಇದ್ದರೆ ಸರಿ. ಗಾಢ ಹಳದಿ ಇದ್ದರೆ ಇನ್ನೂ ಕುಡಿಯಬೇಕು.

ಸಹರಿ ತಪ್ಪಿಸಿ ನಿದ್ದೆ ಮಾಡುವವರು ಮರುದಿನ ವ್ಯಾಯಾಮದ ಆಸೆ ಬಿಡುವುದು ಒಳ್ಳೆಯದು. ಅವರ ಉಪವಾಸ 13 ಗಂಟೆಯಿಂದ 18, 20 ಗಂಟೆಗೆ ಏರಿರುತ್ತದೆ. ಸಹರಿಗೆ ನಿಧಾನವಾಗಿ ಕರಗುವ ಊಟ ಇರಲಿ. ಕುಚ್ಚಲಕ್ಕಿ ಅನ್ನ, ರಾಗಿ, ಓಟ್ಸ್, ಮೊಟ್ಟೆ, ಮೊಸರು, ಬಾಳೆಹಣ್ಣು. ಉಪ್ಪಿನಕಾಯಿ, ಒಣಮೀನು ಆ ಹೊತ್ತಿಗೆ ಬೇಡ, ದಿನವಿಡೀ ಬಾಯಿ ಒಣಗಿಸುತ್ತವೆ.

ನಿದ್ದೆಯೂ ಊಟದಷ್ಟೇ ಮುಖ್ಯ. ರಾತ್ರಿ ಐದೇ ಗಂಟೆ ಸಿಕ್ಕಿದರೆ ಮಧ್ಯಾಹ್ನ ಇಪ್ಪತ್ತು, ಮೂವತ್ತು ನಿಮಿಷ ಮಲಗಿ. ಎರಡೂ ಸಿಗದ ದಿನ ಭಾರ ಎತ್ತಲು ಹೋಗಬೇಡಿ.

ಕಾಫಿ ನಾಡಿನ ತಲೆನೋವು

ದೇಶದಲ್ಲೇ ಹೆಚ್ಚು ಕಾಫಿ ಬೆಳೆಯುವ ಜಿಲ್ಲೆ ನಮ್ಮದು. ಕುಡಿಯುವುದರಲ್ಲೂ ಹಿಂದಿಲ್ಲ. ಉಪವಾಸದ ಮೊದಲ ಎರಡು ಮೂರು ದಿನ ಬರುವ ತಲೆನೋವನ್ನು ಎಲ್ಲರೂ ಹಸಿವಿನ ಲೆಕ್ಕಕ್ಕೆ ಹಾಕುತ್ತಾರೆ. ಎಷ್ಟೋ ಸಲ ಅದು ಕಾಫಿ ತಪ್ಪಿದ್ದರ ತಲೆನೋವು. ಕಾಫಿಯಲ್ಲಿರುವ ಕೆಫೀನ್ ಮಿದುಳಿನ ರಕ್ತನಾಳಗಳನ್ನು ಸ್ವಲ್ಪ ಬಿಗಿಯಾಗಿ ಇಟ್ಟಿರುತ್ತದೆ. ಅದು ತಪ್ಪಿದಾಗ ನಾಳಗಳು ಹಿಗ್ಗುತ್ತವೆ, ತಲೆ ಸಿಡಿಯುತ್ತದೆ. ಕೊನೆಯ ಕಾಫಿ ಕುಡಿದ 12ರಿಂದ 24 ಗಂಟೆಯೊಳಗೆ ಇದು ಶುರುವಾಗುತ್ತದೆ. ಉಪವಾಸದ ಹೊತ್ತಿಗೆ ಸರಿಯಾಗಿ ಹೊಂದುವ ಲೆಕ್ಕ, ಅಲ್ವಾ? ರೊಬಸ್ಟದಲ್ಲಿ ಅರೇಬಿಕಾಗಿಂತ ಹೆಚ್ಚು ಕಡಿಮೆ ಎರಡು ಪಟ್ಟು ಕೆಫೀನ್ ಇರುವುದರಿಂದ ಮನೆಯ ರೊಬಸ್ಟ ಪುಡಿಯ ಕಾಫಿ ಕುಡಿಯುವವರಿಗೆ ಇದು ಇನ್ನೂ ಜೋರು.

ರಂಜಾನ್‌ಗೆ ಒಂದು ವಾರ, ಹತ್ತು ದಿನ ಮುಂಚಿನಿಂದಲೇ ದಿನಕ್ಕೆ ಅರ್ಧ ಕಪ್ಪಿನ ಹಾಗೆ ಇಳಿಸುತ್ತಾ ಬಂದರೆ ತಲೆನೋವು ಹತ್ತಿರ ಸುಳಿಯುವುದಿಲ್ಲ. ಉಪವಾಸದ ದಿನಗಳಲ್ಲಿ ಇಫ್ತಾರ್ ಆದ ಮೇಲೆ ಒಂದು ಸಣ್ಣ ಕಪ್ ಇರಲಿ. ರಾತ್ರಿ ಹತ್ತಕ್ಕೆ ಕುಡಿದರೆ ಬೆಳಗಿನ ಮೂರಕ್ಕೂ ಅದರ ಅರ್ಧದಷ್ಟು ಮೈಯಲ್ಲೇ ಇರುತ್ತದೆ, ನಿದ್ದೆ ಕೆಡುತ್ತದೆ.

ಡಾಕ್ಟರನ್ನು ಮೊದಲೇ ಕೇಳಬೇಕಾದವರು

ಸಕ್ಕರೆ ಕಾಯಿಲೆ, ಬಿಪಿ, ಹೃದಯದ ತೊಂದರೆ, ಕಿಡ್ನಿ ತೊಂದರೆ ಇರುವವರು, ಗರ್ಭಿಣಿಯರು, ಹಾಲುಣಿಸುವ ತಾಯಂದಿರು ವ್ಯಾಯಾಮದ ಮಾತಿಗೆ ಮೊದಲು ಉಪವಾಸದ ಬಗ್ಗೆಯೇ ಡಾಕ್ಟರ ಹತ್ತಿರ ಮಾತಾಡಬೇಕು. ಒಂದೆರಡು ತಿಂಗಳು ಮುಂಚೆಯೇ ಹೋದರೆ ಮಾತ್ರೆಯ ಹೊತ್ತು, ಪ್ರಮಾಣ ಬದಲಾಯಿಸಲು ಸಮಯ ಸಿಗುತ್ತದೆ. ಇನ್ಸುಲಿನ್ ಮತ್ತು ಕೆಲವು ಸಕ್ಕರೆ ಮಾತ್ರೆಗಳು ಖಾಲಿ ಹೊಟ್ಟೆಯಲ್ಲಿ, ಅದರಲ್ಲೂ ಮೈ ದಂಡಿಸಿದಾಗ ಸಕ್ಕರೆಯನ್ನು ತೀರಾ ಕೆಳಕ್ಕೆ ಇಳಿಸುತ್ತವೆ. ಬಿಪಿಯ ಕೆಲವು ಮಾತ್ರೆಗಳು ಮೂತ್ರ ಹೆಚ್ಚಿಸಿ ನೀರನ್ನು ಇನ್ನೂ ಕಡಿಮೆ ಮಾಡುತ್ತವೆ. ಮಾತ್ರೆಯನ್ನು ತಾವಾಗಿಯೇ ಬಿಡುವುದಾಗಲಿ, ಎರಡು ಹೊತ್ತಿನದನ್ನು ಒಟ್ಟಿಗೆ ನುಂಗುವುದಾಗಲಿ ಬೇಡ.

ಬೆರಳು ಚುಚ್ಚಿ ಸಕ್ಕರೆ ನೋಡಿಕೊಂಡರೆ ಉಪವಾಸ ಮುರಿಯುತ್ತದೆ ಎಂದು ಹಲವರು ಹೆದರುತ್ತಾರೆ. ಮುರಿಯುವುದಿಲ್ಲ ಎಂದೇ ಧರ್ಮಪಂಡಿತರು ಹೇಳುತ್ತಾರೆ. ಅಂತರರಾಷ್ಟ್ರೀಯ ಮಧುಮೇಹ ಒಕ್ಕೂಟದ ರಂಜಾನ್ ಮಾರ್ಗಸೂಚಿಯಲ್ಲಿ ಎರಡು ಅಂಕಿ ಸ್ಪಷ್ಟವಾಗಿವೆ. ಸಕ್ಕರೆ 70ಕ್ಕಿಂತ ಕೆಳಗೆ ಇಳಿದರೆ, ಅಥವಾ 300 ದಾಟಿದರೆ, ಆ ದಿನದ ಉಪವಾಸ ಅಲ್ಲೇ ಬಿಡಬೇಕು. ಸಂಜೆ ಬಾಂಗಿಗೆ ಹತ್ತೇ ನಿಮಿಷ ಇದ್ದರೂ ಸರಿ.

ಯಾವಾಗ ನಿಲ್ಲಿಸಬೇಕು?

ಕುಳಿತ ಮೇಲೂ ಹೋಗದ ತಲೆಸುತ್ತು, ಕೈ ನಡುಕ, ತಣ್ಣನೆಯ ಬೆವರು, ವಾಂತಿ ಬಂದ ಹಾಗೆ ಆಗುವುದು, ಸ್ನಾಯು ಹಿಡಿತ, ಎದೆ ಬಡಿತ ಇಳಿಯದೆ ಇರುವುದು. ಇವುಗಳಲ್ಲಿ ಯಾವುದು ಬಂದರೂ ವ್ಯಾಯಾಮ ಅಲ್ಲಿಗೇ ನಿಲ್ಲಲಿ. ನೆರಳಿನಲ್ಲಿ ಮಲಗಿಸಿ, ಕಾಲಿನ ಕೆಳಗೆ ಚೀಲವನ್ನೋ ಬ್ಯಾಗನ್ನೋ ಇಟ್ಟು ಸ್ವಲ್ಪ ಎತ್ತರಿಸಿ. ಹತ್ತು ನಿಮಿಷದಲ್ಲಿ ಸರಿಯಾಗದಿದ್ದರೆ ಉಪವಾಸ ಬಿಟ್ಟು ಓಆರ್‌ಎಸ್ ಕುಡಿಯಬೇಕು. ದೊಡ್ಡ ಪ್ಯಾಕೆಟ್ ಒಂದನ್ನು ಪೂರ್ತಿ ಒಂದು ಲೀಟರ್ ನೀರಿಗೆ ಹಾಕಬೇಕು. ಅರ್ಧ ಪ್ಯಾಕೆಟ್ಟನ್ನು ಅಂದಾಜಿನಲ್ಲಿ ಲೋಟಕ್ಕೆ ಸುರಿಯುವುದು ಸರಿಯಲ್ಲ.

ಮಾತು ತೊದಲುವುದು, ಗಲಿಬಿಲಿ, ಮೈ ಕೆಂಡದ ಹಾಗೆ ಸುಡುವುದು, ಎದೆನೋವು, ಪ್ರಜ್ಞೆ ತಪ್ಪುವುದು ಇವು ಆಸ್ಪತ್ರೆಗೆ ಓಡಬೇಕಾದ ಗುರುತು. 108ಕ್ಕೆ ಫೋನ್ ಮಾಡಿ, ಬರುವವರೆಗೆ ಮೈಗೆ ನೀರು ಹಾಕಿ ಗಾಳಿ ಬೀಸುತ್ತಿರಿ. ಪ್ರಜ್ಞೆ ಇಲ್ಲದವರ ಬಾಯಿಗೆ ನೀರು ಹಾಕಬೇಡಿ, ಶ್ವಾಸನಾಳಕ್ಕೆ ಹೋಗುತ್ತದೆ.

ಇಂಥ ಹೊತ್ತಿನಲ್ಲಿ ಉಪವಾಸ ಬಿಟ್ಟರೆ ತಪ್ಪಾಗುತ್ತದೆಯೇ ಎಂಬ ಸಂಕಟ ಹಲವರನ್ನು ಕಾಡುತ್ತದೆ. ಇನ್ನು ಒಂದೇ ಗಂಟೆ ಎಂದು ಹಲ್ಲು ಕಚ್ಚಿ ಕೂರುತ್ತಾರೆ. ಜೀವಕ್ಕೆ, ಆರೋಗ್ಯಕ್ಕೆ ಅಪಾಯ ಇದ್ದಾಗ ಬಿಡಲು ಧರ್ಮದಲ್ಲೇ ಅವಕಾಶವಿದೆ. ಆ ಒಂದು ದಿನವನ್ನು ರಂಜಾನ್ ಕಳೆದ ಮೇಲೆ ಪೂರೈಸಿದರೆ ಆಯಿತು. ಪಕ್ಕದಲ್ಲಿರುವವರು ಇದನ್ನು ಮೆಲ್ಲಗೆ ನೆನಪಿಸಿದರೆ ಅವರಿಗೆ ಧೈರ್ಯ ಬರುತ್ತದೆ.

ಹಬ್ಬ ಮುಗಿದ ಮೇಲೆ

ಈದ್ ಆದ ಮರುದಿನವೇ ಹಳೆಯ ಭಾರಕ್ಕೆ ಕೈ ಹಾಕುವ ಉತ್ಸಾಹ ಇರುತ್ತದೆ. ಮೊದಲ ವಾರ ಸೆಟ್‌ಗಳು ಅರ್ಧ ಇರಲಿ, ಎರಡನೇ ವಾರ ಮುಕ್ಕಾಲು, ಮೂರನೇ ವಾರ ಎಂದಿನಂತೆ. ನಿದ್ದೆಯ ಹೊತ್ತು ಹಳೆಯ ಜಾಗಕ್ಕೆ ಬರಲೂ ನಾಲ್ಕೈದು ದಿನ ಬೇಕು. ರಂಜಾನ್ ನಂತರ ಬರುವ ಶವ್ವಾಲ್ ತಿಂಗಳ ಆರು ಉಪವಾಸ ಮಾಡುವವರು ಆ ಆರು ದಿನ ಮತ್ತೆ ಸಂಜೆಯ ನಡಿಗೆ, ರಾತ್ರಿಯ ಜಿಮ್ಮಿಗೆ ಮರಳಬೇಕು. ಆ ಹೊತ್ತಿಗೆ ಕೊಡಗಿನಲ್ಲಿ ಬಿಸಿಲು ಇನ್ನಷ್ಟು ಏರಿರುತ್ತದೆ. ಅದಕ್ಕೆ ತಕ್ಕ ಹಾಗೆ ಇಫ್ತಾರ್ ನಂತರದ ನೀರನ್ನು ಒಂದೆರಡು ಲೋಟ ಹೆಚ್ಚಿಸಿಕೊಳ್ಳಿ.